ಗಾಜಿನಾಚೆಯ ಕುಣಿತ: ಡಿಸ್ನಿಲ್ಯಾಂಡಿನ ಭೂತಬಂಗಲೆ ನಡೆಯುವ ಬಗೆ

ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರೆಲ್ಲ ಇದನ್ನು ನೋಡಿದ್ದೀರಿ. ಒಳಗೆ ಲೈಟು ಉರಿಯುತ್ತಿದ್ದರೆ ಗಾಜಿನಲ್ಲಿ ಕಾಣುವುದು ನಮ್ಮದೇ ಮುಖ. ಆ ಮುಖವನ್ನು ತೂರಿಕೊಂಡೇ ಹೊರಗಿನ ಮರ, ಗೂಡಂಗಡಿ, ಮೈಲಿಗಲ್ಲು ಹಿಂದೆ ಸರಿಯುತ್ತವೆ. ಕಂಡಕ್ಟರು ಲೈಟು ಆರಿಸಿದ ತಕ್ಷಣ ಮುಖ ಮಾಯವಾಗಿ ಹೊಲಗದ್ದೆ ತಿಳಿಯಾಗಿ ಕಾಣುತ್ತದೆ. ಡ್ರೈವರು ತನ್ನ ಬೆನ್ನ ಹಿಂದಿನ ಲೈಟು ಆರಿಸಿ ಎಂದು ಹೇಳುವುದೂ ಇದಕ್ಕೇ. ಮುಂದಿನ ದೊಡ್ಡ ಗಾಜಿನಲ್ಲಿ ಪ್ರಯಾಣಿಕರ ಬಿಂಬ ತೇಲತೊಡಗಿದರೆ ರಸ್ತೆ ಕಾಣುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಆನಹೈಮ್ ಊರಿನ ಡಿಸ್ನಿಲ್ಯಾಂಡಿನಲ್ಲಿ, 1969ರ ಆಗಸ್ಟ್ 9ರಂದು ತೆರೆದ ‘ಹಾಂಟೆಡ್ ಮ್ಯಾನ್ಶನ್’ ಎಂಬ ಭೂತಬಂಗಲೆ ಇದೇ ಕಿಟಕಿ ಗಾಜಿನ ಮೇಲೆ ನಿಂತಿದೆ. ಥೀಮ್ ಪಾರ್ಕಿನಲ್ಲಿ ಕಲೆ, ವಿಜ್ಞಾನ, ತಂತ್ರಜ್ಞಾನ ಹೇಗೆ ಕೂಡುತ್ತವೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು ಎಂಬುದು ನಮ್ಮ ಅಭಿಪ್ರಾಯ. ಕಾರಣ, ಇಲ್ಲಿನ ಮುಖ್ಯ ತಂತ್ರಗಳಲ್ಲಿ ಹೆಚ್ಚಿನವು ಹಳೆಯವು, ಸರಳವಾದವು. ಅವನ್ನು ಗೆಲ್ಲಿಸಿದ್ದು ಎರಡೇ ಲೆಕ್ಕ: ನೋಡುವವರ ಕಣ್ಣು ಈ ಕ್ಷಣದಲ್ಲಿ ಎಲ್ಲಿದೆ, ಆ ಕಣ್ಣಿಗೆ ಯಾವ ವಸ್ತುವಿನಿಂದ ಎಷ್ಟು ಬೆಳಕು ಬರುತ್ತಿದೆ. ಚಿತ್ರಗಾರ, ಬೆಳಕಿನವನು, ಯಂತ್ರದವನು ಮೂವರೂ ಒಂದೇ ಮೇಜಿಗೆ ಬಂದು ಕೂರಬೇಕಾಗಿದ್ದು ಈ ಎರಡು ಲೆಕ್ಕಕ್ಕಾಗಿ.

ಮೊದಲು ಗಾಜು. 1858ರಲ್ಲಿ ಹೆನ್ರಿ ಡರ್ಕ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ರಂಗಭೂಮಿಯಲ್ಲಿ ದೆವ್ವ ತೋರಿಸಲು ಒಂದು ಉಪಾಯ ಮುಂದಿಟ್ಟ. ಪ್ರೇಕ್ಷಕರ ಮುಂದೆ ದೊಡ್ಡ ಗಾಜು ನಿಲ್ಲಿಸುವುದು, ಅವರಿಗೆ ಕಾಣದ ಜಾಗದಲ್ಲಿ ನಟನನ್ನಿಟ್ಟು ಅವನ ಮೇಲೆ ಬೆಳಕು ಬಿಡುವುದು, ಅವನ ಬಿಂಬ ವೇದಿಕೆಯ ಮೇಲೆ ನಿಂತಂತೆ ಕಾಣಿಸುವುದು. ಉಪಾಯ ಸರಿಯೇ ಇತ್ತು, ಆದರೆ ಅವನ ವಿನ್ಯಾಸಕ್ಕೆ ತಕ್ಕಂತೆ ರಂಗಮಂದಿರವನ್ನೇ ಬದಲಾಯಿಸಿ ಕಟ್ಟಬೇಕಿತ್ತು. ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯ ಜಾನ್ ಹೆನ್ರಿ ಪೆಪ್ಪರ್ ಗಾಜನ್ನು ಪ್ರೇಕ್ಷಕರ ಕಡೆಗೆ ಬಾಗಿಸಿ, ನಟನನ್ನು ವೇದಿಕೆಯ ಮುಂದಿನ ಗುಂಡಿಗೆ ಇಳಿಸಿದ. ಇದ್ದ ರಂಗಮಂದಿರವೇ ಸಾಕಾಯಿತು. 1862ರ ಡಿಸೆಂಬರ್ 24ರಂದು, ಕ್ರಿಸ್ಮಸ್ ಹಿಂದಿನ ಸಂಜೆ, ಡಿಕನ್ಸ್ ಕಥೆಯೊಂದರ ದೃಶ್ಯದಲ್ಲಿ ಅದನ್ನು ಆಡಿ ತೋರಿಸಿದರು. ‘ಪೆಪ್ಪರನ ದೆವ್ವ’ ಎಂಬ ಹೆಸರು ಅಂದಿನಿಂದ ಉಳಿದಿದೆ. ಡರ್ಕ್ಸನ ಹೆಸರು ಹಿಂದೆ ಬಿತ್ತು, ಅದು ಅನ್ಯಾಯ.

ಗುಂಡಿಯಲ್ಲಿದ್ದ ನಟನ ಪಾಡು ಸುಲಭದ್ದಲ್ಲ. ಗಾಜು ಬಾಗಿದ್ದರಿಂದ ಅವನೂ ಓರೆ ಹಲಗೆಗೆ ಒರಗಿ ನಿಲ್ಲಬೇಕು, ನೆಟ್ಟಗೆ ನಿಂತರೆ ಮೇಲೆ ದೆವ್ವ ವಾಲುತ್ತದೆ. ವೇದಿಕೆಯ ಮೇಲಿನ ನಟನಿಗೆ ಬಿಂಬ ಕಾಣುವುದೇ ಇಲ್ಲ. ನೆಲದ ಗುರುತು ನೋಡಿ ಗಾಳಿಗೆ ಕತ್ತಿ ಬೀಸಬೇಕು. ಗಾಜು ದನಿಯನ್ನೂ ತಡೆಯುತ್ತಿದ್ದುದರಿಂದ ದೆವ್ವಕ್ಕೆ ಮಾತು ಕೊಡುವುದು ಕಷ್ಟ. ಇನ್ನು ಬೆಳಕು: ಆಕ್ಸಿಜನ್ ಮತ್ತು ಹೈಡ್ರೋಜನ್ ಜ್ವಾಲೆಯಲ್ಲಿ ಸುಣ್ಣದ ತುಂಡನ್ನು ಕಾಯಿಸಿ ಪಡೆಯುವ ಪ್ರಖರ ಬಿಳಿ ಬೆಳಕೇ ಬೇಕಿತ್ತು.

ಅಷ್ಟು ಬೆಳಕು ಯಾಕೆ? ಮಾಮೂಲಿ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಎರಡು ಮೈ ಸೇರಿ ಶೇ. 8. ಬೆಳಕು 45 ಡಿಗ್ರಿ ಓರೆಯಾಗಿ ಬಿದ್ದರೆ ಶೇ. 9ರ ಆಸುಪಾಸು. ಉಳಿದದ್ದು ದಾಟಿ ಹೋಗುತ್ತದೆ. ಅಂದರೆ ಹಿಂದಿನ ದೃಶ್ಯದ ಬೆಳಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಣ್ಣಿಗೆ ಬರುತ್ತದೆ, ದೆವ್ವದ ಬೆಳಕಿನಲ್ಲಿ ಹತ್ತರಲ್ಲಿ ಒಂದೂ ಬರುವುದಿಲ್ಲ. ದೆವ್ವ ಮತ್ತು ಹಿಂದಿನ ಗೋಡೆ ಒಂದೇ ಹೊಳಪಿನಲ್ಲಿ ಕಾಣಬೇಕಾದರೆ ಅಡಗಿಸಿಟ್ಟ ಗೊಂಬೆ ಗೋಡೆಗಿಂತ ಸುಮಾರು ಹತ್ತು ಪಟ್ಟು ಬೆಳಗಬೇಕು. ಈ ಅನುಪಾತವನ್ನು ಹಿಡಿದಿಡುವುದೇ ಈ ವಿದ್ಯೆಯ ಮುಕ್ಕಾಲು ಪಾಲು. ಗೊಂಬೆಯ ಲೈಟನ್ನು ನಿಧಾನವಾಗಿ ಏರಿಸಿದರೆ ದೆವ್ವ ಗಾಳಿಯಿಂದ ಮೂಡಿಬರುತ್ತದೆ, ಇಳಿಸಿದರೆ ಕರಗುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದು. ಹಳೆಯ ಫೋಟೊ ಫ್ರೇಮಿನ ಗಾಜನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡೂ ಕಡೆ ಪುಸ್ತಕದ ಆಸರೆ ಕೊಡಿ. ಗಾಜಿನಿಂದ 20 ಸೆಂ.ಮೀ. ಈಚೆಗೆ, ನೋಡುವವರ ಕಡೆ, ಒಂದು ಮೇಣದಬತ್ತಿ ಹಚ್ಚಿಡಿ. ಅದು ನೇರ ಕಾಣದಂತೆ ಮುಂದೆ ರಟ್ಟು ನಿಲ್ಲಿಸಿ, ಗಾಜಿನ ಕಡೆ ಮಾತ್ರ ತೆರೆದಿರಲಿ. ಗಾಜಿನಿಂದ 20 ಸೆಂ.ಮೀ. ಆಚೆಗೆ, ಅಷ್ಟೇ ನೇರದಲ್ಲಿ, ನೀರು ತುಂಬಿದ ಗಾಜಿನ ಲೋಟ ಇಡಿ. ಕೋಣೆಯ ಲೈಟು ಆರಿಸಿ ರಟ್ಟಿನ ಮೇಲಿಂದ ನೋಡಿದರೆ ಬತ್ತಿ ನೀರಿನೊಳಗೆ ಉರಿಯುತ್ತಿರುತ್ತದೆ. ಈಗ ಲೋಟವನ್ನು 5 ಸೆಂ.ಮೀ. ಹಿಂದಕ್ಕೆ ಸರಿಸಿ ತಲೆಯನ್ನು ಆ ಕಡೆ ಈ ಕಡೆ ಆಡಿಸಿ. ಜ್ವಾಲೆ ಲೋಟದಿಂದ ಜಾರಿ ಹೊರಗೆ ಬರುತ್ತದೆ. ವಸ್ತು ಗಾಜಿನಿಂದ ಎಷ್ಟು ಮುಂದಿದೆಯೋ ಬಿಂಬ ಅಷ್ಟೇ ಹಿಂದೆ ನಿಲ್ಲುತ್ತದೆ ಎಂಬ ಶಾಲೆಯ ಪಾಠ ಇಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಕೈಗೆ ಸಿಗುತ್ತದೆ.

ಭೂತಬಂಗಲೆಯ ನೃತ್ಯಶಾಲೆ ಇದೇ ಪ್ರಯೋಗದ ಬೃಹತ್ ರೂಪ. ನೋಡುಗರ ಗಾಡಿಗಳು ಮಹಡಿಯ ಮೊಗಸಾಲೆಯಂಥ ಕಡೆ ಸಾಗುತ್ತವೆ. ಅವರೆದುರು ಎತ್ತರದ ಗಾಜಿನ ಗೋಡೆ. ಅದರಾಚೆ ಊಟದ ಮೇಜು, ಕುರ್ಚಿಗಳು, ಆರ್ಗನ್ ವಾದ್ಯ ಎಲ್ಲವೂ ನಿಜವಾದವು. ದೆವ್ವದ ಗೊಂಬೆಗಳು ಮಾತ್ರ ಗಾಜಿನ ಈಚೆ, ಗಾಡಿಯ ದಾರಿಯ ಮೇಲೂ ಕೆಳಗೂ ಕಪ್ಪು ಕೋಣೆಗಳಲ್ಲಿವೆ. ನೋಡುಗರು ದೆವ್ವಗಳ ನಟ್ಟನಡುವೆ ಕೂತಿದ್ದಾರೆ, ಅದು ಅವರಿಗೆ ಗೊತ್ತೇ ಆಗುವುದಿಲ್ಲ.

ಕುರ್ಚಿಯ ಮೇಲೆ ದೆವ್ವ ಕೂತಂತೆ ಕಾಣಬೇಕಾದರೆ, ಕುರ್ಚಿ ಗಾಜಿನಿಂದ ಎಷ್ಟು ದೂರವಿದೆಯೋ ಗೊಂಬೆಯೂ ಈ ಬದಿಯಲ್ಲಿ ಅಷ್ಟೇ ದೂರದಲ್ಲಿರಬೇಕು. ಗಾಡಿ ಚಲಿಸುತ್ತಿರುವುದರಿಂದ ತಪ್ಪು ಅಡಗುವುದಿಲ್ಲ. ಅಳತೆ ಅಂಗೈ ಅಗಲ ತಪ್ಪಿದರೂ, ಗಾಡಿ ಸರಿದಂತೆ ದೆವ್ವ ಕುರ್ಚಿಯ ಮೇಲೆ ಜಾರತೊಡಗುತ್ತದೆ. ಇನ್ನೊಂದು ತೊಡಕು: ದೆವ್ವದ ಕಾಲು ಮೇಜಿನ ಹಿಂದೆ ಮರೆಯಾಗಬೇಕು, ಆದರೆ ಬಿಂಬಕ್ಕೆ ಮೇಜು ಅಡ್ಡಬರುವುದಿಲ್ಲ. ಅಂಥ ಕಡೆ ಗುಪ್ತಕೋಣೆಯಲ್ಲಿ ಅದೇ ಆಕಾರದ ಕಪ್ಪು ಅಡ್ಡಹಲಗೆ ನಿಲ್ಲಿಸಿ ಗೊಂಬೆಯ ಕಾಲನ್ನು ಮರೆಮಾಡುವುದು ಈ ವಿದ್ಯೆಯ ವಾಡಿಕೆ. ಕಪ್ಪು ಎಂದರೆ ಬೆಳಕನ್ನು ನುಂಗುವ ಮಖಮಲ್ಲಿನಂಥ ಕಪ್ಪು. ಹೊಳೆಯುವ ಕಪ್ಪು ಪೇಂಟು ನಡೆಯದು. ಒಂದು ಬಲ್ಬಿನ ಬೆಳಕು ತಪ್ಪಿ ಹಿಂದಿನ ಗೋಡೆಗೆ ಬಿದ್ದರೂ ಆ ಗೋಡೆಯೂ ನೃತ್ಯಶಾಲೆಯಲ್ಲಿ ತೇಲುತ್ತದೆ.

ನೃತ್ಯಶಾಲೆಯ ಜೋಡಿಗಳನ್ನು ಗಮನಿಸಿ ನೋಡಿದವರು ಒಂದು ವಿಚಿತ್ರ ಹೇಳುತ್ತಾರೆ. ವಾಲ್ಟ್ಸ್ ನೃತ್ಯದಲ್ಲಿ ರೂಢಿಯಂತೆ ಗಂಡಸು ನಡೆಸಬೇಕು, ಇಲ್ಲಿ ಹೆಂಗಸರು ನಡೆಸುತ್ತಿದ್ದಾರೆ. ಬಿಂಬದಲ್ಲಿ ಎಡ ಬಲವಾಗುತ್ತದೆ. ಗೊಂಬೆಗಳ ಕೈಗಳನ್ನು ಸರಿಯಾಗಿ ಜೋಡಿಸಿದ್ದರಿಂದಲೇ ಗಾಜಿನಲ್ಲಿ ಅದು ತಿರುಗುಮುರುಗಾಯಿತು. ಬಿಂಬಕ್ಕಾಗಿ ಮಾಡುವ ಗೊಂಬೆಯನ್ನು ಕಾರ್ಖಾನೆಯ ಬೆಂಚಿನ ಮೇಲಿಟ್ಟು ಒಪ್ಪಿಗೆ ಕೊಡಬಾರದು, ಕನ್ನಡಿಯಲ್ಲಿ ನೋಡಿ ಕೊಡಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗಾಜಿನ ದಪ್ಪವೂ ಕಾಟ ಕೊಡುತ್ತದೆ. ಮುಂದಿನ ಮೈ, ಹಿಂದಿನ ಮೈ ಎರಡೂ ಬಿಂಬ ಕೊಡುವುದರಿಂದ ದೆವ್ವಕ್ಕೆ ಜೋಡಿ ಅಂಚು ಬರುತ್ತದೆ. 45 ಡಿಗ್ರಿ ಓರೆಯಲ್ಲಿ ಎರಡು ಬಿಂಬಗಳ ನಡುವಿನ ಅಂತರ ಗಾಜಿನ ದಪ್ಪದ ಮುಕ್ಕಾಲು ಪಾಲು. 2 ಮಿ.ಮೀ. ಫೋಟೊ ಗಾಜಿನಲ್ಲಿ 1.5 ಮಿ.ಮೀ., ಯಾರಿಗೂ ತಿಳಿಯದು. 12 ಮಿ.ಮೀ. ಗಾಜಿನಲ್ಲಿ 9 ಮಿ.ಮೀ.; ಹತ್ತು ಹದಿನೈದು ಮೀಟರ್ ದೂರದಿಂದಲೂ ಚುರುಕು ಕಣ್ಣಿಗೆ ಸಿಗುವಷ್ಟು. ಹಾಗೆಂದು ದೊಡ್ಡ ಗಾಜನ್ನು ತೆಳ್ಳಗೆ ಮಾಡುವಂತಿಲ್ಲ, ಬಾಗುತ್ತದೆ, ಬಾಗಿದ ಗಾಜಿನಲ್ಲಿ ದೆವ್ವ ಉಬ್ಬುತ್ತದೆ. ಇದಕ್ಕೆ ಪರಿಹಾರವಾಗಿ ಇತ್ತೀಚಿನ ವೇದಿಕೆಗಳಲ್ಲಿ ಗಾಜಿನ ಬದಲು ಬಿಗಿದು ಕಟ್ಟಿದ ತೆಳು ಪಾರದರ್ಶಕ ಹಾಳೆ ಬಳಸುತ್ತಾರೆ. ಜೋಡಿ ಬಿಂಬ ಹೋಗುತ್ತದೆ, ಎ.ಸಿ. ಗಾಳಿ ತಾಗಿದರೆ ಹಾಳೆ ಅದುರಿ ಬಿಂಬ ನಡುಗುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಧೂಳು. ಗಾಜಿನ ಮೇಲೆ ಕೂತ ಧೂಳು ಬೆಳಕನ್ನು ಎಲ್ಲ ಕಡೆಗೂ ಚೆಲ್ಲಿ, ‘ಇಲ್ಲೊಂದು ಗಾಜಿದೆ’ ಎಂದು ಸಾರಿಬಿಡುತ್ತದೆ. ಹಾಳು ಬಂಗಲೆಯಂತೆ ಕಾಣಬೇಕಾದ ಜಾಗದಲ್ಲಿ ಅತ್ಯಂತ ಶುಚಿಯಾಗಿರಬೇಕಾದ ವಸ್ತು ಈ ಗಾಜು.

ಇಷ್ಟಕ್ಕೂ ನೋಡುಗರು ಆ ಮೊಗಸಾಲೆಗೆ ಬರುವುದು ಹೇಗೆ? ಬಂಗಲೆಯ ಹೊರಮೈ 1963ರಲ್ಲೇ ಸಿದ್ಧವಾಗಿತ್ತು. ಒಳಗೆ ಏನಿರಬೇಕು ಎಂಬುದು ತೀರ್ಮಾನವಾಗಲು ಮುಂದಿನ ಆರು ವರ್ಷ ಹಿಡಿಯಿತು. ನಡುವೆ ನ್ಯೂಯಾರ್ಕಿನ ವಿಶ್ವಮೇಳದ ಕೆಲಸ ಬಂತು, 1966ರ ಡಿಸೆಂಬರಿನಲ್ಲಿ ವಾಲ್ಟ್ ಡಿಸ್ನಿ ತೀರಿಕೊಂಡರು. ಕಲಾವಿದರಲ್ಲೂ ಎರಡು ಮನಸ್ಸು. ಕ್ಲಾಡ್ ಕೋಟ್ಸ್ ಕತ್ತಲ ಓಣಿಗಳ ಭಯ ಬೇಕೆಂದರು, ಮಾರ್ಕ್ ಡೇವಿಸ್ ನಗಿಸುವ ಪಾತ್ರಗಳು ಬೇಕೆಂದರು. ಕೊನೆಗೆ ಮೊದಲರ್ಧ ಓಣಿ, ದ್ವಿತೀಯಾರ್ಧ ಪಾತ್ರಗಳ ಗದ್ದಲ ಎಂದಾಯಿತು. ಇದನ್ನು ರಾಜಿ ಎಂದು ಹಲವರು ದೂರುತ್ತಾರೆ. ನಮಗೆ ಹಾಗನಿಸುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹಲವು ನಿಮಿಷ ಬೇಕು. ಮಂದ ಓಣಿಗಳು ಮೊದಲು ಬಂದದ್ದರಿಂದಲೇ ನೃತ್ಯಶಾಲೆಯ ಮಸುಕು ದೆವ್ವಗಳು ಅಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಹೊರಗೆ ಕಾಣುವ ಮನೆಯೊಳಗೆ ಸವಾರಿ ಹಿಡಿಸುವುದಿಲ್ಲ. ನಿಜವಾದ ಪ್ರದರ್ಶನ ಕಟ್ಟಡ ಪಾರ್ಕನ್ನು ಸುತ್ತುವ ರೈಲುಹಳಿಯ ಮಣ್ಣುದಿಬ್ಬದ ಆಚೆಗಿದೆ. ಜನರನ್ನು ಹಳಿಯ ಅಡಿಯಿಂದ ದಾಟಿಸಬೇಕು, ಅಂದರೆ ಮೊದಲು ಕೆಳಗಿಳಿಸಬೇಕು. ಲಿಫ್ಟ್ ಎಂದು ತಿಳಿದರೆ ಮೋಜು ಹೋಯಿತು. ಆದ್ದರಿಂದ ಎಂಟು ಮೂಲೆಯ ಕೋಣೆಯನ್ನೇ ಲಿಫ್ಟ್ ಮಾಡಿದರು. ನೆಲ ಇಳಿಯುತ್ತಿದ್ದಂತೆ ಗೋಡೆಯ ಚಿತ್ರಗಳು ಉದ್ದವಾಗುತ್ತ ಕೆಳಭಾಗದಲ್ಲಿ ಅಡಗಿದ್ದ ಭಯಂಕರ ಸಂಗತಿ ತೆರೆದುಕೊಳ್ಳುತ್ತದೆ. ನಿಂತವರಿಗೆ ಕೋಣೆಯೇ ಮೇಲಕ್ಕೆ ಹಿಗ್ಗಿದಂತೆ ಅನಿಸುತ್ತದೆ. ಕೊನೆಗೆ ಸಿಡಿಲು ಮಿಂಚಿ ಚಾವಣಿಯ ಮೇಲೆ ತೂಗುತ್ತಿರುವ ಹೆಣ ಕಾಣುತ್ತದೆ. ಆ ಚಾವಣಿ ಸೊಳ್ಳೆ ಪರದೆಯಂಥ ತೆಳು ಬಲೆಬಟ್ಟೆ. ನೋಡುವವರ ಕಡೆಯಿಂದ ಬೆಳಕು ಬಿದ್ದಾಗ ಅದು ಗಟ್ಟಿ ಚಾವಣಿ, ಆಚೆಯಿಂದ ಬೆಳಕು ಬಂದಾಗ ಇಲ್ಲವೇ ಇಲ್ಲ. 1971ರಲ್ಲಿ ಫ್ಲಾರಿಡಾದಲ್ಲಿ ಇಂಥದೇ ಬಂಗಲೆ ಕಟ್ಟಿದಾಗ ದಾಟಬೇಕಾದ ರೈಲುಹಳಿ ಇರಲಿಲ್ಲ, ಆದರೆ ಆ ಕೋಣೆಯನ್ನು ಬಿಡಲು ಮನಸ್ಸೂ ಬರಲಿಲ್ಲ. ಅಲ್ಲಿ ನೆಲ ಇಳಿಯುವುದಿಲ್ಲ, ಚಾವಣಿಯೇ ಏರುತ್ತದೆ.

ಮುಂದೆ ‘ಡೂಮ್ ಬಗ್ಗಿ’ ಎಂಬ ಕಪ್ಪು ಗಾಡಿಗಳು. ಇವು ಒಂದೊಂದೇ ಬಿಡಿಯಾಗಿ ಓಡುವುದಿಲ್ಲ. ಡಿಸ್ನಿಲ್ಯಾಂಡಿನ 131 ಗಾಡಿಗಳೂ ಕೊಂಡಿ ಹಾಕಿಕೊಂಡು ತುದಿಮೊದಲಿಲ್ಲದ ಒಂದೇ ಸರಪಳಿಯಾಗಿ, ಒಂದೇ ವೇಗದಲ್ಲಿ ಹರಿಯುತ್ತವೆ. ಈ ಏರ್ಪಾಡಿಗೆ ‘ಆಮ್ನಿಮೂವರ್’ ಎಂದು ಹೆಸರು. 1967ರಲ್ಲಿ ಅದೇ ಪಾರ್ಕಿನ ಇನ್ನೊಂದು ಸವಾರಿಯಲ್ಲಿ ಮೊದಲು ಬಂತು. ಲೆಕ್ಕ ಹಾಕಿ: ಮೂರು ಸೆಕೆಂಡಿಗೊಂದು ಗಾಡಿ ಹೊರಟರೆ ಗಂಟೆಗೆ 1200 ಗಾಡಿ, ತಲಾ ಇಬ್ಬರಾದರೆ 2400 ಜನ. ಭೂತಬಂಗಲೆಯನ್ನು ಮೊದಲು ನಡೆದು ನೋಡುವ ಪ್ರದರ್ಶನವಾಗಿ ಯೋಚಿಸಿದ್ದರು. ನಡೆಯುವ ಗುಂಪು ಬೇಕಾದಲ್ಲಿ ನಿಲ್ಲುತ್ತದೆ, ತಿರುಗಿ ನೋಡುತ್ತದೆ. ಅಷ್ಟು ಜನರನ್ನು ಹಾಗೆ ದಾಟಿಸಲಾಗದು.

ಸಂಖ್ಯೆಗಿಂತ ದೊಡ್ಡ ಲಾಭ ಬೇರೆ. ಗಾಡಿಯ ಅಡಿಯಲ್ಲಿ ಮಾರ್ಗದರ್ಶಕ ಹಳಿಗಳಿವೆ. ಅವು ಬಾಗಿದಂತೆ ಗಾಡಿ ಎಡಕ್ಕೋ ಬಲಕ್ಕೋ ತಿರುಗುತ್ತದೆ, ಹಿಂದಕ್ಕೆ ಒರಗುತ್ತದೆ. ಗಾಡಿಯ ಬೆನ್ನು ಚಿಪ್ಪಿನಂತೆ ಮೇಲೆ ಬಾಗಿ ಎರಡೂ ಪಕ್ಕವನ್ನು ಮುಚ್ಚಿದೆ. ಹೀಗೆ ಕ್ಯಾಮೆರಾ ಎಲ್ಲಿ ನೋಡಬೇಕೆಂದು ನಿರ್ದೇಶಕ ನಿರ್ಧರಿಸುವಂತೆ ಇಲ್ಲಿ ನೋಡುಗರ ತಲೆ ಎಲ್ಲಿ ನೋಡಬೇಕೆಂದು ಹಳಿ ನಿರ್ಧರಿಸುತ್ತದೆ. ಅಟ್ಟದ ಕೋಣೆ ಬಿಟ್ಟು ಸ್ಮಶಾನಕ್ಕೆ ಇಳಿಯುವಾಗ ಗಾಡಿ ಹಿಂದುಮುಂದಾಗಿ, ಮಲಗಿಕೊಂಡಂತೆ ಜಾರುತ್ತದೆ. ಇಳಿಜಾರಿನ ನೆಲವಾಗಲಿ, ಮುಂದೆ ಬರಲಿರುವ ಸ್ಮಶಾನವಾಗಲಿ ಕಾಣುವುದಿಲ್ಲ. ಕಾಣುವುದು ಮೇಲಿನ ಕತ್ತಲು ಮಾತ್ರ. ನೃತ್ಯಶಾಲೆಯ ಗಾಜು ನಂಬಿಸುವುದೂ ಇದರಿಂದಲೇ. ಬಗ್ಗಿ ಕೆಳಗೆ ನೋಡಬಲ್ಲ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲ.

ಇಂಥ ಸರಪಳಿಗೆ ಕಥೆ ಬರೆಯುವುದು ಬೇರೆಯೇ ಕೆಲಸ. ಪ್ರತಿ ಗಾಡಿಗೂ ಪ್ರತಿ ದೃಶ್ಯ ಬೇರೆ ಬೇರೆ ಕ್ಷಣದಲ್ಲಿ ಎದುರಾಗುತ್ತದೆ. ‘ಆರಂಭದಿಂದ’ ಎಂಬುದೇ ಇಲ್ಲ. ಸಂಭಾಷಣೆ ಎಲ್ಲಿಂದ ಕೇಳಿದರೂ ಅರ್ಥವಾಗಬೇಕು, ಚಲನೆ ಸುತ್ತಿ ಸುತ್ತಿ ಬರಬೇಕು. ಎಕ್ಸ್ ಅಟೆನ್ಸಿಯೊ ಸಾಹಿತ್ಯ, ಬಡ್ಡಿ ಬೇಕರ್ ಸಂಗೀತದ ಒಂದೇ ಹಾಡನ್ನು ಸ್ಮಶಾನದಲ್ಲಿ ಹಲವು ಗುಂಪುಗಳು, ಹಲವು ಸ್ಪೀಕರುಗಳಿಂದ, ಒಂದೇ ತಾಳದಲ್ಲಿ ಹಾಡುತ್ತವೆ. ಒಂದು ಗುಂಪಿನ ದನಿ ಇನ್ನೊಂದರೊಳಕ್ಕೆ ಸೋರಿದರೂ ಅಪಸ್ವರವಾಗದು. ತಾಳ ಒಂದು ಅರೆಗಳಿಗೆ ತಪ್ಪಿತೋ, ಇಡೀ ಸ್ಮಶಾನ ಸಂತೆಯಾಗುತ್ತದೆ.

ಯಂತ್ರದ ಕಡೆ ಕಷ್ಟ ಕೊಂಡಿಯಲ್ಲಿದೆ. ಒಂದೊಂದು ಕೊಂಡಿ 1 ಮಿ.ಮೀ. ಸವೆದರೂ 131 ಕೊಂಡಿಗೆ 13 ಸೆಂ.ಮೀ. ಸಡಿಲ. ಜೊತೆಗೆ ಶಾಖ: 200 ಮೀಟರ್ ಉಕ್ಕಿನ ಸಾಲು 20 ಡಿಗ್ರಿ ಬಿಸಿಯಾದರೆ ಸುಮಾರು 5 ಸೆಂ.ಮೀ. ಉದ್ದವಾಗುತ್ತದೆ. ಇಂಥ ಸಾಲಿನಲ್ಲಿ ಸಡಿಲವನ್ನು ನುಂಗುವ ವ್ಯವಸ್ಥೆ ಇಲ್ಲದಿದ್ದರೆ ಗಾಡಿಗಳು ಜಗ್ಗಾಡುತ್ತವೆ. ಸವಾರಿಯ ಕೊನೆಯಲ್ಲಿ ಬರುವ ಕನ್ನಡಿಗಳ ಮುಂದೆ ಇದು ನೇರವಾಗಿ ಕಣ್ಣಿಗೆ ಬೀಳುವ ಸಂಗತಿ. ಮೂಲ ವಿನ್ಯಾಸದಲ್ಲಿ ಅವು ಅರೆಪಾರದರ್ಶಕ ಕನ್ನಡಿಗಳು. ನೋಡುಗರ ಬಿಂಬ ಈ ಮೈಯಲ್ಲಿ, ಬೆಳಗಿದ ದೆವ್ವದ ಗೊಂಬೆ ಆಚೆಯಲ್ಲಿ. ಗೊಂಬೆಗಳು ತಮ್ಮದೇ ಸಾಲಿನಲ್ಲಿ ಗಾಡಿಗಳ ವೇಗಕ್ಕೆ ಸರಿಯಾಗಿ ಚಲಿಸಿದರೆ ಮಾತ್ರ ದೆವ್ವ ನಮ್ಮ ಪಕ್ಕದಲ್ಲಿ ಕೂತಿರುತ್ತದೆ, ಇಲ್ಲದಿದ್ದರೆ ಅರ್ಧ ದೆವ್ವ ಹಿಂದಿನ ಗಾಡಿಗೆ ಹೋಗುತ್ತದೆ. ಇನ್ನು, ಹತ್ತುವಾಗ ಒಬ್ಬರು ತಡವರಿಸಿದರೂ ಇಡೀ ಸರಪಳಿಯನ್ನು ನಿಧಾನಿಸಬೇಕು. ಅದಕ್ಕೇ ಗಾಡಿಯ ಪಕ್ಕದಲ್ಲಿ ಅದೇ ವೇಗದಲ್ಲಿ ಸಾಗುವ ನೆಲಪಟ್ಟಿ ಇದೆ.

ಓಣಿಯಲ್ಲಿ ಎರಡು ಕಲ್ಲಿನ ತಲೆಗಳು ಹೋದಲ್ಲೆಲ್ಲ ನಮ್ಮನ್ನೇ ತಿರುಗಿ ನೋಡುತ್ತವೆ. ಅಲ್ಲಿ ಮೋಟರೇ ಇಲ್ಲ. ತಲೆಗಳು ಉಬ್ಬಿಲ್ಲ, ಅಚ್ಚಿನಂತೆ ಒಳಕ್ಕೆ ತಗ್ಗಿವೆ. ಮುಖ ಎಂದರೆ ಉಬ್ಬಿದ್ದು ಎಂದು ಮಿದುಳು ಹುಟ್ಟಾ ರೂಢಿ ಮಾಡಿಕೊಂಡಿದೆ. ತಗ್ಗಿದ ಮುಖವನ್ನೂ ಉಬ್ಬಿದ್ದೆಂದೇ ಓದಿ, ನಾವು ಸರಿದಾಗ ಆಗುವ ಬದಲಾವಣೆಯನ್ನು ‘ಅದು ತಿರುಗಿತು’ ಎಂದು ಅರ್ಥಮಾಡಿಕೊಳ್ಳುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶಕ್ಕೆ ಕಟ್ಟುವ ಲಕ್ಷ್ಮಿಯ ಮುಖವನ್ನು ಹಿಂದುಮುಂದಾಗಿ ನಿಲ್ಲಿಸಿ, ಎರಡು ಮೀಟರ್ ದೂರದಿಂದ ಒಂದು ಕಣ್ಣು ಮುಚ್ಚಿ ಓಡಾಡಿ ನೋಡಿ. ಬೆಳ್ಳಿಯ ಹೊಳಪು ಗುಟ್ಟು ಬಿಟ್ಟುಕೊಡುವುದುಂಟು. ಮಕ್ಕಳ ಪ್ಲಾಸ್ಟಿಕ್ ಮುಖವಾಡದ ಒಳಮೈಗೆ ಮಂಕು ಬಿಳಿ ಬಣ್ಣ ಬಳಿದರೆ ಇನ್ನೂ ಚೆನ್ನ. ಬೆಳಕು ಕೆಳಗಿನಿಂದ ಬರಲಿ, ಆಗ ನೆರಳು ಮೇಲಿನ ಬೆಳಕಿನಲ್ಲಿರುವ ಉಬ್ಬುಮುಖದಂತೆ ಬೀಳುತ್ತದೆ. ತೀರ ಹತ್ತಿರ ಹೋದರೆ ಎರಡು ಕಣ್ಣೂ ಸೇರಿ ಆಳವನ್ನು ಅಳೆದುಬಿಡುತ್ತವೆ, ಆಟ ಮುಗಿಯಿತು.

ಗಾಜಿನ ಗೋಳದೊಳಗೆ ಮಾತಾಡುವ ಮದಾಮ್ ಲಿಯೋಟಾ ಎಂಬ ಪಾತ್ರದ ತಲೆಯಲ್ಲೂ ಚಲನೆಯಿಲ್ಲ. ಕದಲದ ತಲೆಯಚ್ಚಿನ ಮೇಲೆ ಡಿಸ್ನಿ ಕಲಾವಿದೆ ಲಿಯೋಟಾ ಟೂಂಬ್ಸ್ ಮುಖದ ಚಲನಚಿತ್ರ ಬೀಳುತ್ತದೆ, ದನಿ ನಟಿ ಎಲಿನರ್ ಆಡ್ಲಿಯವರದು. ಚಿತ್ರೀಕರಣದಲ್ಲಿ ಮುಖದ ತುಟಿ, ಕಣ್ಣು ಮಾತ್ರ ಆಡಬೇಕು, ತಲೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಅಲ್ಲಾಡಿದರೆ ಬಾಯಿ ಗಲ್ಲಕ್ಕೆ ಜಾರುತ್ತದೆ. ಪ್ರೊಜೆಕ್ಟರನ್ನು ಮುಖದ ನೇರಕ್ಕೆ ಹತ್ತಿರವಾಗಿಯೇ ಇಡಬೇಕು. ಪಕ್ಕಕ್ಕೆ ಹೋದಷ್ಟೂ ಅಚ್ಚಿನ ಮೂಗಿನ ನೆರಳು ಚಿತ್ರದ ಕೆನ್ನೆಯನ್ನು ತಿನ್ನುತ್ತದೆ.

ಸೋತ ಪ್ರಯೋಗವೂ ಒಂದಿದೆ. ಅಟ್ಟದಲ್ಲಿ ಕೈಯಲ್ಲಿ ಟೋಪಿಪೆಟ್ಟಿಗೆ ಹಿಡಿದ ಮುದುಕ ದೆವ್ವ ನಿಂತಿತ್ತು. ಅದರ ತಲೆ ಹೆಗಲಿನಿಂದ ಮಾಯವಾಗಿ ಪೆಟ್ಟಿಗೆಯೊಳಗೆ ಮೂಡಬೇಕು. ಉಪಾಯ ಬೆಳಕಿನದೇ: ತಲೆಗೆ ಬೀಳುವ ಬೆಳಕು ಆರಿದರೆ ಅದು ಕತ್ತಲಲ್ಲಿ ಕರಗಬೇಕು, ಆಗ ಪೆಟ್ಟಿಗೆಯ ತಲೆ ಬೆಳಗಬೇಕು. ಗಾಡಿಗಳು ತೀರ ಹತ್ತಿರ ಹಾಯುತ್ತಿದ್ದವು, ಸುತ್ತಲಿನ ದೃಶ್ಯದ ಬೆಳಕು ಅಲ್ಲಿಗೂ ಚೆಲ್ಲುತ್ತಿತ್ತು. ಆರಿದ ತಲೆ ಹೆಗಲ ಮೇಲೇ ಕಾಣುತ್ತಿತ್ತು. ತೆರೆದ ಸ್ವಲ್ಪ ಕಾಲದಲ್ಲೇ ಅದನ್ನು ತೆಗೆದುಹಾಕಿದರು. 2015ರ ಮೇ ತಿಂಗಳಲ್ಲಿ ಅದು ಮರಳಿ ಬಂದಾಗ ಮುಖ ಡಿಜಿಟಲ್ ಆಗಿತ್ತು. ಬೆಳಗಿದ ತಲೆಯನ್ನು ಕತ್ತಲಲ್ಲಿ ಅಡಗಿಸುವ ಗೋಜು ತಪ್ಪಿತ್ತು. ಈಗ ಆ ಮುದುಕ ನಕ್ಕು, ತಲೆ ಕಳೆದುಕೊಂಡು, ಪೆಟ್ಟಿಗೆಯೆತ್ತಿ ತೋರಿಸುತ್ತಾನೆ; ಅಷ್ಟರಲ್ಲಿ ಗಾಡಿ ತಿರುಗಿಬಿಡುತ್ತದೆ.